ಲಾಭ, ಎರಡು, ಮೂರು

ಕುಂಯ್ ಅನ್ನುವಷ್ಟೇ ಸದ್ದು. ಗೋಡೆಯಾಚೆ ಬೆಕ್ಕಿನ ಮರಿಯೊಂದು ಕನಸು ಕಂಡಂತೆ. ಫಕೀರಮ್ಮನಿಗೆ ಎಚ್ಚರವಾಗುವ ಹೊತ್ತಿಗೆ ಸದ್ದು ನಿಂತುಹೋಗಿತ್ತು. ಅದು ಹೇಗೆ ನಿಂತಿತು ಎಂದು ತಿಳಿಯಲು ಅವಳಿಗೆ ತುಸು ಹೊತ್ತು ಹಿಡಿಯಿತು. ಅವಳ ಬಲಗೈ ಕೂಸಿನ ಬಾಯಿಯ ಮೇಲಿತ್ತು. ನಿದ್ದೆಯಲ್ಲಿ ಸುಮ್ಮನೆ ಬಿದ್ದ ಕೈಯಲ್ಲ, ಒತ್ತಿ ಹಿಡಿದ ಕೈ. ಅಂಗೈ ಕೆಳಗೆ ಪುಟ್ಟ ತುಟಿಗಳು ಮಿಡುಕುತ್ತಿದ್ದವು.

ಕೈ ಕಿತ್ತುಕೊಂಡಳು. ಕೂಸು ಉಸಿರು ಎಳೆದುಕೊಂಡು ಕಿರುಚಿತು.

"ಯಾಕ, ಏನಾತ?" ಪಡಸಾಲೆಯಿಂದ ಅವ್ವನ ದನಿ ಬಂತು.

"ಏನಿಲ್ಲವ್ವ. ಕನಸು ಬಿದ್ದಿರಬೇಕು ಅದಕ್ಕ."

ಆ ತಿಂಗಳಲ್ಲಿ ಇದು ಮೂರನೆಯ ಸಲ. ಫಕೀರಮ್ಮ ದೀಪ ಹಚ್ಚಿ, ಸೀರೆಯ ಸೆರಗಿನಿಂದ ತನ್ನ ಬಲಗೈಯನ್ನು ಮಂಚದ ಕಾಲಿಗೆ ಕಟ್ಟಿಕೊಂಡು, ಎಡಗೈಯಿಂದ ಕೂಸನ್ನು ಎದೆಗೆ ಒತ್ತಿ ಹಾಲೂಡಿಸಿದಳು. ಬೆಳಗಿನವರೆಗೆ ಹಾಗೆಯೇ ಕೂತಳು.

ಎಂಬತ್ತೈದರ ಶ್ರಾವಣ ಅದು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಐದು ತಿಂಗಳ ಹೆಣ್ಣು ಕೂಸು. ಫಕೀರಮ್ಮ ಕೊಪ್ಪಳದಲ್ಲಿ ಹೆಣ್ಣುಮಕ್ಕಳ ಸಾಲಿಯಲ್ಲಿ ಸಮಾಜ ಪಾಠ ಹೇಳುತ್ತಿದ್ದಳು. ಗಂಡ ಗವಿಸಿದ್ದಪ್ಪ ಯಲಬುರ್ಗಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತ, ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವವನು. ಕುಷ್ಟಗಿಯಲ್ಲಿದ್ದ ಅತ್ತೆ ಮುದಕಮ್ಮ ಬಂದಾಗಲೆಲ್ಲ ಒಂದೇ ಮಾತು ಎತ್ತುತ್ತಿದ್ದಳು. "ನೌಕರಿ ಮಾಡಾಕಿಗೆ ಕೂಸು ಯಾಕ ಬೇಕು? ನನ್ನ ಕಡೆ ಕಳಸು. ಎಮ್ಮಿ ಹಾಲು ಕುಡಿದು ಗುಂಡಕಲ್ಲಿನಂಗ ಆಗ್ತಾಳ." ಫಕೀರಮ್ಮ ಪ್ರತಿ ಸಲ ನಕ್ಕು ಆ ಮಾತನ್ನು ತೇಲಿಸುತ್ತಿದ್ದಳು. ಈಗ ನಗುವುದು ಕಷ್ಟವಾಗಿತ್ತು. ಇನ್ನೊಮ್ಮೆ ಕೈ ಹಾಗೆ ಮಾಡಿದರೆ ಕೂಸನ್ನು ತನ್ನಿಂದ ದೂರ ಕಳಿಸಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕಳಿಸದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು.

ಮನೆಯಲ್ಲಿ ಅವ್ವ ಇದ್ದಳು ನಿಜ. ದುರುಗವ್ವನಿಗೆ ಆಗ ಐವತ್ತಾರೋ ಐವತ್ತೇಳೋ. ಹರೆಯದಿಂದಲೂ ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ರಾಶಿ ಅಳೆದು ಕೂಲಿ ತಂದು ಮಕ್ಕಳನ್ನು ಬೆಳೆಸಿದವಳು. ರಾಶಿ ಅಳೆಯುವಾಗ ಮೊದಲನೆಯ ಸೇರಿಗೆ ಯಾರೂ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು. ದುರುಗವ್ವನಿಗೆ ಆ ಎಣಿಕೆ ನಾಲಿಗೆಗೆ ಅಂಟಿಬಿಟ್ಟಿತ್ತು. ರೊಟ್ಟಿ ಬಡಿದರೂ ಲಾಭ, ಎರಡು, ಮೂರು. ಕೊಡ ತುಂಬಿದರೂ ಹಾಗೆಯೇ. ಆದರೆ ಫಕೀರಮ್ಮ ಸಣ್ಣವಳಿದ್ದಾಗ ಬಸ್ಸು ಹತ್ತುವ ಹೊತ್ತಿಗೆ ಅವ್ವ ಇವಳ ತಲೆ ಮುಟ್ಟಿ "ಎರಡು" ಅನ್ನುತ್ತಿದ್ದಳು, ತಮ್ಮ ವಿರುಪಣ್ಣನ ತಲೆ ಮುಟ್ಟಿ "ಮೂರು" ಅನ್ನುತ್ತಿದ್ದಳು. ಲಾಭ ಯಾರು ಅಂತ ತಮ್ಮ ಕೇಳಿದರೆ ಫಕೀರಮ್ಮ ದೊಡ್ಡವಳಂತೆ ಹೇಳುತ್ತಿದ್ದಳು, "ಲಾಭ ಅಂದ್ರ ಅವ್ವ. ಮೊದಲು ತನ್ನ ಎಣಿಸಿಕೋತಾಳ." ಬಿ.ಎ. ಮುಗಿಸಿದರೂ ಅವಳು ಅದನ್ನೇ ನಂಬಿದ್ದಳು.

ಇನ್ನೊಂದು ಸಂಗತಿಯನ್ನು ಮಾತ್ರ ಅವಳು ಗಮನಿಸಿದ್ದಳು. ಕೂಸು ನಗುತ್ತಿರುವ ತನಕ ಅವ್ವ ಎತ್ತಿಕೊಂಡು ಆಡಿಸುವಳು. ಅಳಲು ಸುರುಮಾಡಿತೋ, ಎಲ್ಲಿದ್ದರಲ್ಲಿ ಇಳಿಸಿ, ಬಚ್ಚಲಿಗೆ ಹೋಗಿ ಕೈ ತೊಳೆಯುವಳು.

ಫಕೀರಮ್ಮ ಕೂಸಿನ ನೆಗಡಿಯ ನೆವ ಮಾಡಿ ವಿರೂಪಾಕ್ಷಮ್ಮನ ಮನೆಗೆ ಹೋದಳು. ವಿರೂಪಾಕ್ಷಮ್ಮ ನರ್ಸ್ ಆಗಿ ಮೂವತ್ತು ವರ್ಷ ದುಡಿದು ನಿವೃತ್ತಿಯಾದವಳು, ಎರಡು ಓಣಿ ಆಚೆಗೆ ಒಬ್ಬಳೇ ಇದ್ದಳು. ಕೂಸಿನ ಎದೆಗೆ ಕಿವಿಯಿಟ್ಟು, "ನೆಗಡಿ ಇಲ್ಲ. ನಿನಗೇನಾಗೇತಿ ಹೇಳು," ಅಂದಳು.

ಫಕೀರಮ್ಮ ಹೇಳಿದಳು. ಹೇಳುವಾಗ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು.

"ಆ ಕೈ ಯಾರದು?"

"ನಂದ್ರಿ."

"ಒತ್ತಿದಾಗ ನಿಂದು ಅನಸತೈತೇನು?"

ಮಾತನ್ನು ತೂಗಿ ನೋಡದೆ ಆಡುವ ರೂಢಿ ಫಕೀರಮ್ಮನಿಗೆ ಇರಲಿಲ್ಲ. "ಇಲ್ರಿ," ಅಂದಳು ಕೊನೆಗೆ. "ಯಾರೋ ನನ್ನ ಕೈಯೊಳಗ ತಮ್ಮ ಕೈ ತೂರಿಸಿದಂಗ ಆಗತೈತಿ. ಕುಪ್ಪಸದ ತೋಳಿನ್ಯಾಗ ತೂರಿಸಿದಂಗ."

ವಿರೂಪಾಕ್ಷಮ್ಮ ಹೆದರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತಿಂಗಳ ಎರಡನೆಯ ಆದಿತ್ಯವಾರ ಹಿಟ್ನಾಳಕ್ಕೆ ಬಾ ಅಂದಳು.

ಹಿಟ್ನಾಳದಲ್ಲಿ ವಿರೂಪಾಕ್ಷಮ್ಮನ ಅಣ್ಣನದೊಂದು ತಗಡಿನ ಗೋದಾಮು ಇತ್ತು, ಶೇಂಗಾದ ಹಂಗಾಮು ಬಿಟ್ಟರೆ ಖಾಲಿ. ನೌಕರಿಯ ಕೊನೆಯ ವರ್ಷಗಳಲ್ಲಿ ಬೆಂಗಳೂರಿಗೆ ತರಬೇತಿಗೆ ಹೋಗಿದ್ದಾಗ ಹೊರದೇಶದ ಹೆಂಗಸೊಬ್ಬಳಿಂದ ಅವಳು ಒಂದು ರೀತಿ ಕಲಿತು ಬಂದಿದ್ದಳು. ಕಷ್ಟ ಇದ್ದವರು, ಕೂಡಿದ ಮಂದಿಯಲ್ಲಿಯೇ ಒಬ್ಬರನ್ನು ತಮ್ಮ ಅಪ್ಪ ಅಂತ, ಒಬ್ಬರನ್ನು ಅವ್ವ ಅಂತ, ಅಜ್ಜಿ ಅಂತ ಆರಿಸಿ, ಹೆಗಲು ಹಿಡಿದು ತಮಗೆ ತೋಚಿದ ಜಾಗದಲ್ಲಿ ನಿಲ್ಲಿಸಬೇಕು. ನಿಂತವರಿಗೆ ಏನೂ ಹೇಳಬಾರದು. ಅವರು ತಮ್ಮ ಮೈಗೆ ಅನ್ನಿಸಿದ್ದನ್ನು ಹೇಳುತ್ತಾರೆ. ಮನೆಯಲ್ಲಿ ಮೂರು ತಲೆಮಾರು ಮುಚ್ಚಿಟ್ಟದ್ದು ಕೆಲವು ಸಲ ಅಲ್ಲಿ ಬಾಯಿ ಬಿಡುತ್ತದೆ ಎಂದು ವಿರೂಪಾಕ್ಷಮ್ಮನ ನಂಬಿಕೆ. ಊರವರು ಅದಕ್ಕೆ ನಿಂದ್ರಸೋ ಸಭಾ ಅಂತ ಹೆಸರಿಟ್ಟಿದ್ದರು. ಮೈಮೇಲೆ ಬರುವುದು ಅಂತಲೇ ಬಹಳ ಜನ ತಿಳಿದಿದ್ದರು. ಒಮ್ಮೆ ದರ್ಜಿ ಹುಸೇನಬೀ ಯಾರದೋ ಸತ್ತ ಅಜ್ಜಿಯಾಗಿ ನಿಂತಾಗ, ಸೊಪ್ಪು ಮಾರುವವಳು ಅಡ್ಡಬಿದ್ದು, ಕಳುವಾದ ಎಮ್ಮೆ ಯಾವ ದಿಕ್ಕಿಗೆ ಹೋಯಿತು ಎಂದು ಕೇಳಿದ್ದಳಂತೆ. "ನಾ ಹುಸೇನಬೀ ಅದೀನವ್ವ," ಅಂದಿದ್ದಳಂತೆ ಹುಸೇನಬೀ. "ನಿನ್ನ ಜಂಪರಿನ ಅಳತಿ ಕೇಳು, ಹೇಳ್ತೀನಿ."

ಆದಿತ್ಯವಾರ ಫಕೀರಮ್ಮ ಅವ್ವನನ್ನೂ ಕರೆದುಕೊಂಡು ಹೋದಳು. ಕೂಸನ್ನು ಹಿಡಿದುಕೊಳ್ಳಲು ಜೊತೆಗೆ ಬಾ ಅಂತ ಮಾತ್ರ ಹೇಳಿದ್ದಳು. ದುರುಗವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೋದಾಮಿನ ಬಾಗಿಲಲ್ಲಿ, ಗಾಳಿಗೆ ಕೂತಳು. ಒಳಗೆ ಎಂಟು ಹತ್ತು ಮಂದಿ ಇದ್ದರು.

"ಯಾರನ್ನ ನಿಂದ್ರಸ್ತಿ?" ವಿರೂಪಾಕ್ಷಮ್ಮ ಕೇಳಿದಳು.

ತೀರಿಹೋದ ಅಪ್ಪನ ಜಾಗಕ್ಕೆ ಫಕೀರಮ್ಮ ಇಬ್ರಾಹಿಂಸಾಬನನ್ನು ಆರಿಸಿದಳು. ಗಾದಿ ಮಾಡುವ ಪಿಂಜಾರ, ಐವತ್ತರ ಹತ್ತಿರದವನು. ಮುಖದ ಮೇಲೆ ಚಾದರ ಬಿದ್ದರೆ ಉಸಿರು ಕಟ್ಟಿದಂತಾಗಿ ನಿದ್ದೆ ಬರುವುದಿಲ್ಲ ಎಂದು ಸಭೆಗೆ ಬರತೊಡಗಿದವನು.

"ಮತ್ತ ಅಪ್ಪ ಆಗಬೇಕೇನ್ರಿ?" ಅಂದ ಅವನು ಏಳುತ್ತ. "ಎಲ್ಲಾರಿಗೂ ಅಪ್ಪ ಆಗಿ ಆಗಿ ನಮ್ಮ ಮನ್ಯಾಗ ಮಕ್ಕಳು ನನ್ನ ಮಾತ ಕೇಳವಲ್ವು."

ಅವ್ವನಾಗಿ ಸೊಪ್ಪು ಮಾರುವವಳು ನಿಂತಳು. ಫಕೀರಮ್ಮನಾಗಿ ಹುಸೇನಬೀ. ತಮ್ಮ ವಿರುಪಣ್ಣನಾಗಿ ಬಸ್ ಕಂಡಕ್ಟರ್ ಪಂಪಣ್ಣ. ತಗಡಿನ ಮೇಲೆ ಕಾಗೆ ನಡೆದಾಡುವ ಸದ್ದು ಕೇಳುತ್ತಿತ್ತು.

"ನನಗ ಈ ಕಡೆ ಥಂಡಿ ಹತ್ತೈತ್ರಿ," ಅಂದಳು ಹುಸೇನಬೀ, ಎಡಗಡೆ ತೋರಿಸಿ. "ಇಲ್ಲಿ ಯಾರೋ ಇರಬೇಕಿತ್ತು."

ವಿರೂಪಾಕ್ಷಮ್ಮ ಫಕೀರಮ್ಮನತ್ತ ತಿರುಗಿದಳು. "ನಿನಗಿಂತ ಮೊದಲು ಯಾರಾದ್ರು ಹುಟ್ಟಿದ್ರೇನು?"

"ಇಲ್ರಿ. ನಾನ ಮೊದಲನೇಕಿ."

"ಫಕೀರಮ್ಮ ಅನ್ನೋ ಹೆಸರು ಸುಮ್ಮನ ಇಡಂಗಿಲ್ಲ ಮಗಳ. ಕೈಯಾಗಿನ ಕೂಸು ಹೋದವರು, ಮುಂದಿಂದು ಉಳೀಲಿ ಅಂತ ಫಕೀರನ ಗದ್ದುಗಿಗೆ ಹರಕಿ ಹೊತ್ತು ಇಡೂ ಹೆಸರದು." ಆಮೇಲೆ ಬಾಗಿಲ ಕಡೆ ನೋಡಿ ಮೆತ್ತಗೆ ಹೇಳಿದಳು, "ದುರುಗವ್ವ, ಬಾ ಇಲ್ಲಿ. ನಿನ್ನ ಮಕ್ಕಳು ಎಲ್ಲಾರೂ ಬಂದಾರೇನು, ಎಣಿಸು ನೋಡೂಣು."

ದುರುಗವ್ವ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಅವಳಿಗೆ ಇದೆಲ್ಲ ಹುಡುಗಾಟವಾಗಿ ಕಂಡಿರಬೇಕು, ತುಟಿಯಲ್ಲಿ ನಗುವಿತ್ತು. ಹುಸೇನಬೀಯ ತಲೆ ಮುಟ್ಟಿ "ಎರಡು" ಅಂದಳು. ಪಂಪಣ್ಣನ ತಲೆ ಮುಟ್ಟಿ "ಮೂರು" ಅಂದಳು. ತಿರುಗಿ ಬಾಗಿಲಿಗೆ ಹೊರಟಳು.

"ಏ ಯವ್ವಾ," ಪಂಪಣ್ಣ ನಕ್ಕ. "ಮಂದಿ ಇಬ್ಬರ ಅದೀವಿ, ಟಿಕೀಟು ಮೂರು ಹರಿದಿ. ಚೆಕಿಂಗಿನವರು ಬಂದ್ರ ನನ್ನ ಹಿಡೀತಾರ."

ಫಕೀರಮ್ಮ ಅವಸರವಾಗಿ ಹೇಳಿದಳು, "ಅವ್ವ ರಾಶಿ ಎಣಿಸಿದಂಗ ಎಣಿಸ್ತಾಳ್ರಿ. ಲಾಭ ಅಂದ್ರ ಆಕೀನ."

"ನಾನ್ಯಾಕ ಲಾಭ ಆಗಲಿ?" ದುರುಗವ್ವ ನಿಂತು ಮಗಳನ್ನು ನೋಡಿದಳು. "ಅಳೆಯಾಕಿ ಸೇರಿನ್ಯಾಗ ಬರ್ತಾಳೇನು?"

"ಹಂಗಾದ್ರ ಲಾಭ ಯಾರವ್ವ?"

ಆಗ ದುರುಗವ್ವನಿಗೆ ತಾನು ಏನು ಹೇಳಿದೆ ಎಂಬುದು ಹೊಳೆಯಿತು. ನಗು ತುಟಿಯಲ್ಲೇ ಇತ್ತು, ಅದರ ಕೆಳಗಿನ ಮುಖ ಮಾತ್ರ ಜಾರಿಹೋಯಿತು. ಅಷ್ಟರಲ್ಲಿ ಕೂಸು ರಾಗ ತೆಗೆಯಿತು. ದುರುಗವ್ವ ಅದನ್ನು ಸೊಪ್ಪು ಮಾರುವವಳ ಕೈಗೆ ತುರುಕಿ, ನೀರು ಹುಡುಕುವವಳ ಹಾಗೆ ಅತ್ತಿತ್ತ ನೋಡಿದಳು. ಕೈ ತೊಳೆಯಲು ಅಲ್ಲಿ ನೀರಿರಲಿಲ್ಲ. ಎರಡೂ ಅಂಗೈಗಳನ್ನು ಸೀರೆಗೆ ಒರೆಸುತ್ತ ನೆಲಕ್ಕೆ ಕೂತಳು.

"ಗಂಡು," ಅಂದಳು. "ಏಳು ತಿಂಗಳದ್ದು."

ಯಾರೂ ಕೇಳಲಿಲ್ಲ, ಅವಳೇ ಹೇಳಿದಳು.

"ರಜಾಕಾರರ ಗದ್ದಲ ಆದ ವರ್ಷ. ಊರಾಗ ಇರೂದು ಬ್ಯಾಡ, ನಿಜಾಮನ ಗಡಿ ದಾಟಿ ಗಜೇಂದ್ರಗಡದ ಕಡೆ ಹೋಗೂಣು ಅಂತ ಇಪ್ಪತ್ತೇಳು ಮಂದಿ ರಾತ್ರಿ ಹೊಂಟ್ವಿ. ನಡಕ ದಾರಿ ಮ್ಯಾಲೆ ಬಂಡಿ ಸಪ್ಪಳ ಕೇಳಿಸ್ತು. ಸಜ್ಜಿ ಹೊಲದಾಗ ಹೊಕ್ಕು ಬಕ್ಕಬಾರಲೆ ಬಿದ್ವಿ. ಮೂರು ಬಂಡಿ. ಎತ್ತಿಗೆ ಗಂಟಿ ಇತ್ತು, ಆದ್ರ ನುಡೀತಿದ್ದಿಲ್ಲ. ಗಂಟಿ ನುಡಿಸದ ಬರ್ತಾರಂದ್ರ ಮನಿ ಹೊಡಿಯವರ ಇರಬೇಕು ಅಂದ ನಮ್ಮ ಮಾವ. ಆಗ ಅದು ಕುಂಯ್ ಅಂತು. ನಮ್ಮತ್ತಿ ನನ್ನ ನೋಡಿದ್ಲು. ಇವರಪ್ಪ ನೋಡಿದ. ಎಲ್ಲಾರೂ ನೋಡಿದ್ರು. ಬಾಯಿಲೆ ಯಾರೂ ಏನೂ ಅನ್ನಲಿಲ್ಲ. ನಾ ಬಾಯಿ ಮ್ಯಾಲೆ ಕೈ ಇಟ್ಟೆ. ಬಂಡಿ ಭಾಳ ಸಾವಕಾಶ ಹೋದ್ವು. ಭಾಳ ಸಾವಕಾಶ." ಅಂಗೈ ಮತ್ತೆ ಸೀರೆಗೆ ಒರೆಸಿದಳು. "ಬಂಡಿ ಹೋದ ಮ್ಯಾಲೂ ನನಗ ಕೈ ತಗಿಯಾಕ ಆಗಲಿಲ್ಲ. ಅತ್ತಿನ ತಗದ್ಲು."

ಇಬ್ರಾಹಿಂಸಾಬ ಇನ್ನೂ ಅಪ್ಪನ ಜಾಗದಲ್ಲಿ ನಿಂತಿದ್ದ.

"ಬೆಳಕು ಹರಿದ ಮ್ಯಾಲೆ ನೋಡ್ತೀನಿ, ದಾರಿ ತುಂಬ ಹತ್ತಿ. ಬೆಳ್ಳಗ, ಹಿಂಜಿದ ಹತ್ತಿ. ಜಾಲಿ ಮುಳ್ಳಿನ ಮ್ಯಾಲೆಲ್ಲ. ಅರಬಿ ಇದ್ದಿಲ್ಲ, ಏನಿದ್ದಿಲ್ಲ. ದೇವರ ಚೆಲ್ಲ್ಯಾನ ಅಂತ ಉಡಿ ತುಂಬ ಆರಿಸಿಕೊಂಡು ಬಂದು, ಅದರಾಗ ಸುತ್ತಿ ಮಣ್ಣು ಮಾಡಿದೆ."

ವಿರೂಪಾಕ್ಷಮ್ಮ ಹುಸೇನಬೀಯ ಎಡಗಡೆ ಒಂದು ಮಡಿಸಿದ ಕೌದಿ ಇಟ್ಟಳು. ದುರುಗವ್ವ ಅದರ ಹತ್ತಿರ ಹೋಗಲಿಲ್ಲ. ಆದರೆ ಬಹಳ ಹೊತ್ತು ಅದನ್ನು ನೋಡಿದಳು. ಹುಸೇನಬೀ ಅಳುತ್ತಿದ್ದಳು. ಫಕೀರಮ್ಮನಿಗೆ ಅಳು ಬರಲಿಲ್ಲ. ತನ್ನ ಬಲಗೈಯನ್ನು, ಪರರದೊಂದು ಸಾಮಾನನ್ನು ನೋಡಿಕೊಳ್ಳುವಂತೆ, ಎಡಗೈಯಲ್ಲಿ ಹಿಡಿದುಕೊಂಡಿದ್ದಳು.

"ಮುಚ್ಚಿದ್ದು ಬಿಚ್ಚಿತು," ವಿರೂಪಾಕ್ಷಮ್ಮ ಅವಳ ಬೆನ್ನು ಸವರಿದಳು. "ಇನ್ನ ಆ ಕೈ ನಿನ್ನ ಬಿಡತೈತಿ."

ಬಸ್ಸಿಗೆ ಕಾಯುವಾಗ ಸೊಪ್ಪು ಮಾರುವವಳು ದುರುಗವ್ವನನ್ನು ಚಹಾದಂಗಡಿಗೆ ಕರೆದೊಯ್ದಳು. ಕೂಸು ಫಕೀರಮ್ಮನ ಹೆಗಲ ಮೇಲೆ ನಿದ್ದೆ ಹೋಗಿತ್ತು. ಇಬ್ರಾಹಿಂಸಾಬ ಬಂದು ಬೇವಿನ ಗಿಡದ ಕೆಳಗೆ, ಒಂದು ಮಾರು ದೂರದಲ್ಲಿ ನಿಂತ.

"ಅಕ್ಕಾರ, ಒಂದು ಮಾತು."

"ಹೇಳ್ರಿ ಕಾಕಾ."

"ಆ ಹತ್ತಿ ನಮ್ದು."

ಅವಳಿಗೆ ಮೊದಲು ತಿಳಿಯಲಿಲ್ಲ.

"ನಾ ಹತ್ತು ವರ್ಷದವ ಇದ್ದೆ. ನಾವು ಕುಕನೂರಿನ ಕಡೆಯವರು. ಮಿಲಿಟ್ರಿ ಬಂದು, ನಿಜಾಮ ಸೋತು ಮೂರು ದಿನ ಆಗಿತ್ತು. ಗದ್ದಲ ಮುಗಿದಿತ್ತು ಅಕ್ಕಾರ. ನಿಮ್ಮ ಮಂದಿಗೆ ಸುದ್ದಿ ಮುಟ್ಟಿದ್ದಿಲ್ಲ ಕಾಣತೈತಿ. ಇನ್ನ ನಮ್ಮನ್ನ ಹುಡುಕ್ಯಾಡಿ ಕಡೀತಾರ ಅಂತ ನಾವು ಹೊಂಟಿದ್ವಿ. ಮೂರು ಬಂಡಿ. ಎತ್ತಿನ ಗಂಟ್ಯಾಗ ಹತ್ತಿ ತುರುಕಿದವ ನಾನ, ನಮ್ಮಪ್ಪ ಹೇಳಿದ್ದ. ಗಾದಿ ಜಾಲಿಗೆ ಸಿಕ್ಕು ಹರೀತು. ಸಜ್ಜಿ ಅಲಗ್ಯಾಡತಿತ್ತು, ಒಳಗ ಮಂದಿ ಅದಾರ ಅಂತ ನಮಗ ಗೊತ್ತಾತು. ಅವರ ನಮ್ಮನ್ನ ಕಡಿಯವರು ಅಂದ್ಕೊಂಡ್ವಿ. ನಮ್ಮವ್ವ ನನ್ನ ಮುಖದ ಮ್ಯಾಲೆ ಚಾದರ ಒತ್ತಿ ಹಿಡಿದ್ಲು. ತಂಗಿ ಅಬೇದಾ ಅಳಾಕ ಹತ್ತಿದ್ಲು, ಅಕಿ ಬಾಯಿಗೆ ಹತ್ತಿ ತುರುಕಿದ್ಲು." ಅವನು ಬೇವಿನ ಕಾಂಡಕ್ಕೆ ಕೈ ಕೊಟ್ಟ. "ಅಕಿ ಉಳದ್ಲು. ಗಂಗಾವತ್ಯಾಗ ಅದಾಳ, ನಾಕು ಮಕ್ಕಳು."

ಒಂದು ಲಾರಿ ಹೋಯಿತು. ಧೂಳು ಬೀಳದಂತೆ ಫಕೀರಮ್ಮ ಕೂಸನ್ನು ಈಚೆ ತಿರುಗಿಸಿದಳು.

"ಬಂಡಿ ಯಾಕ ಅಷ್ಟು ಸಾವಕಾಶ ಹೋದ್ವು?" ಫಕೀರಮ್ಮ ಕೇಳಿದಳು. ತಾನು ಯಾಕೆ ಇದನ್ನೇ ಕೇಳಿದೆ ಎಂದು ಅವಳಿಗೂ ತಿಳಿಯಲಿಲ್ಲ.

"ಸಪ್ಪಳ ಆಗಬಾರ್ದಂತ."

ಚಹಾದಂಗಡಿಯಲ್ಲಿ ದುರುಗವ್ವ ಬಶಿಯಲ್ಲಿ ಚಹಾ ಸುರಿದು ಊದುತ್ತಿದ್ದಳು.

"ನಿಮ್ಮ ಅವ್ವಾರ ಕಾಲು ಹಿಡಿದು ಹೇಳಬೇಕು ಅಂತೀನಿ," ಅಂದ ಇಬ್ರಾಹಿಂಸಾಬ. "ಒಳಗ ನಾಲಗಿ ಹೊಳ್ಳಲಿಲ್ಲ. ಮುಂದಿನ ಸಭಾದಾಗ ಹೇಳತೀನಿ. ಹೇಳಿದ್ರ ನನಗ ನಿದ್ದಿ ಬರತೈತಿ."

"ಅವ್ವನ ನಿದ್ದಿ ಹೋಗತೈತ್ರಿ ಕಾಕಾ."

ಅವನು ಅವಳ ಮುಖವನ್ನೇ ನೋಡಿದ. ಬಸ್ಸು ಬಂತು. ಅವನು ಹತ್ತಲಿಲ್ಲ. ಮುಂದಿನ ಸಭೆಗೂ ಅವನು ಬರಲಿಲ್ಲ ಎಂದು ಆಮೇಲೆ ಪಂಪಣ್ಣ ಹೇಳಿದ.

ಬಸ್ಸಿನಲ್ಲಿ ದುರುಗವ್ವ ಕಿಟಕಿಗೆ ಕೂತಳು. ಮುನಿರಾಬಾದಿನ ಕಡೆಯ ಗುಡ್ಡಗಳು ಹಿಂದಾದ ಮೇಲೆ, ಯಾವುದೋ ಹಳೆಯ ಮಾತು ಮುಂದುವರಿಸುವವಳಂತೆ ಹೇಳಿದಳು: "ಅವಾಗ ಎಲ್ಲಾರೂ ಅಂದ್ರು, ದುರುಗಿ ಒಂದು ಕೊಟ್ಟು ಇಪ್ಪತ್ತಾರು ಉಳಿಸಿದ್ಲು ಅಂತ. ನಮ್ಮ ಮಾವ ಸಾಯೋ ಮುಂದ ನನ್ನ ಕೈ ಹಿಡಕೊಂಡು ಅದನ್ನ ಅಂದ. ಅದಕ್ಕ ಆ ಕೂಸಿಗೆ ಲಾಭ ಅಂತೀನಿ. ಹೆಸರು ತಗದ್ರ ತಡಕೊಳ್ಳಾಕ ಆಗಂಗಿಲ್ಲ."

"ಹೂಂ ಅವ್ವ," ಅಂದಳು ಫಕೀರಮ್ಮ.

"ಇಲ್ಲಂದ್ರ ನಾ ಅವತ್ತ ಬಾವಿ ಬೀಳಾಕಿ."

"ಹೂಂ."

ಆ ರಾತ್ರಿ ದುರುಗವ್ವ ಗೊರಕೆ ಹೊಡೆದು ಮಲಗಿದಳು. ಮರುದಿನ ಕೂಸು ಅತ್ತಾಗ ಕೆಳಗಿಳಿಸಲಿಲ್ಲ. ಭುಜಕ್ಕೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡಿದಳು. ಮೂವತ್ತೇಳು ವರ್ಷ ಹೊತ್ತದ್ದನ್ನು ಯಾರೋ ಇಳಿಸಿಕೊಂಡಿದ್ದರು. ಯಾರು ಇಳಿಸಿಕೊಂಡರು ಎಂಬುದು ಫಕೀರಮ್ಮನಿಗೆ ಮಾತ್ರ ಗೊತ್ತಿತ್ತು. ಪಾಠ ಹೇಳುವಾಗ, ಹಾಜರಿ ತೆಗೆದುಕೊಳ್ಳುವಾಗ, ಆ ಮೂರು ಬಂಡಿಗಳು ಅವಳ ಕಣ್ಣ ಮುಂದೆ ಸದ್ದಿಲ್ಲದೆ ಹೋಗುತ್ತಿದ್ದವು. ಹೊಲದಲ್ಲಿ ಒಂದು ಕೈ, ಬಂಡಿಯಲ್ಲಿ ಒಂದು ಕೈ. ಯಾರೂ ಯಾರನ್ನೂ ಕೊಲ್ಲಲು ಬಂದಿರಲಿಲ್ಲ.

ನಾಲ್ಕು ರಾತ್ರಿ ಬಲಗೈಯನ್ನು ಮಂಚಕ್ಕೆ ಕಟ್ಟಿಕೊಂಡೇ ಮಲಗಿದಳು, ಏನೂ ಆಗಲಿಲ್ಲ. ಐದನೆಯ ರಾತ್ರಿ ಅವಳು ಕೈ ಕಟ್ಟಿಕೊಳ್ಳುವುದನ್ನು ಬಿಟ್ಟಳು, ವಿರೂಪಾಕ್ಷಮ್ಮನ ಮಾತನ್ನು ನಂಬಿ. ಎಚ್ಚರವಾದಾಗ ಅಂಗೈ ಕೆಳಗೆ ತುಟಿಗಳು ಮಿಡುಕುತ್ತಿರಲಿಲ್ಲ. ಕೈ ತೆಗೆದಳು. ಕೂಸು ಅಳಲಿಲ್ಲ. ಅಂಗಾಲಿಗೆ ಬಡಿದಳು, ಬೋರಲು ಮಾಡಿ ಬೆನ್ನು ತಟ್ಟಿದಳು, ತಲೆಕೆಳಗು ಹಿಡಿದಳು. ಆಮೇಲೆ ಅದು ಕೆಮ್ಮಿ, ಸಣ್ಣಗೆ, ಬಹಳ ದೂರದಿಂದ ಬಂದಂತೆ ಅತ್ತಿತು. ಅವ್ವನಿಗೆ ಎಚ್ಚರವಾಗಲಿಲ್ಲ.

ಶನಿವಾರ ಗಂಡ ಬಂದಾಗ ಅವಳು ಹೇಳಿದಳು, "ನೌಕರಿ ಮಾಡಿಕೋತ ಆಗವಲ್ದು. ಕೂಸು ಕುಷ್ಟಗ್ಯಾಗ ಇರ್ಲಿ."

"ಈಗರ ತಿಳೀತಲ್ಲ," ಅಂದ ಗವಿಸಿದ್ದಪ್ಪ, ಸಂತೋಷದಿಂದ. "ಎಷ್ಟು ದಿನ?"

"ಮಾತು ಬರೂ ತನಕ."

ಕೂಸು ಕುಂಯ್ ಅನ್ನುವ ವಯಸ್ಸು ದಾಟಿದರೆ ಕೈ ಏಳಲಿಕ್ಕಿಲ್ಲ ಎಂಬುದು ಅವಳ ಲೆಕ್ಕ, ಅದೇನೆಂದು ಅವನು ಕೇಳಲಿಲ್ಲ.

ಕುಷ್ಟಗಿಯಲ್ಲಿ ಮುದಕಮ್ಮ ದೃಷ್ಟಿ ತೆಗೆದು ಕೂಸನ್ನು ಒಳಗೆ ಕರೆದುಕೊಂಡಳು. "ಬುದ್ಧಿ ಬಂತಲ್ಲ ಸಾಲಿ ಅಕ್ಕಾರಿಗೆ," ಅಂದಳು ನೆರೆಯವಳಿಗೆ ಕೇಳುವಂತೆ. "ಹಡದಾಕಿ ಅಷ್ಟ ಅವ್ವ ಆಗಂಗಿಲ್ಲ, ಸಾಕಬೇಕು." ಫಕೀರಮ್ಮ ಕೂಸಿನ ಅಂಗಿ, ಕುಲಾವಿ, ಔಷಧದ ಗುಟ್ಟಿ ತೇಯುವ ಬಟ್ಟಲು ಒಂದೊಂದೇ ತೆಗೆದಿಟ್ಟು, ಎಡಗೈಯಿಂದ ಅದರ ಕೆನ್ನೆ ಮುಟ್ಟಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದಳು. ಯಲಬುರ್ಗಿಗೆ ದಾರಿ ಒಡೆಯುವ ಫಾಟಾ ದಾಟುವಷ್ಟರಲ್ಲಿ ಎದೆಯ ಹಾಲು ಇಳಿದು ಕುಪ್ಪಸ ತೊಯ್ದಿತ್ತು. ಸೆರಗು ಹೊದ್ದು ಕೂತಳು.

ವಾರದ ನಂತರ ವಿರೂಪಾಕ್ಷಮ್ಮ ಮನೆಗೆ ಬಂದಳು. ದುರುಗವ್ವ ಸಂತೆಗೆ ಹೋಗಿದ್ದಳು. ಖಾಲಿ ತೊಟ್ಟಿಲು ನೋಡಿ ವಿರೂಪಾಕ್ಷಮ್ಮ ಹೊಸ್ತಿಲಲ್ಲೇ ನಿಂತಳು.

"ಕೈ ಬಿಡಲಿಲ್ಲೇನು?"

"ಬಿಟ್ಟೈತ್ರಿ. ಛಲೋ ಅದೀನಿ. ಅತ್ತಿ ಕೇಳಿದ್ರು, ಅದಕ್ಕ ಕಳಿಸೀನಿ."

ಮೂವತ್ತು ವರ್ಷ ರೋಗಿಗಳ ಸುಳ್ಳು ಕೇಳಿದ ಕಿವಿ ಅದು. "ಫಕೀರಮ್ಮ, ಇನ್ನೊಂದು ಸಲ ನಿಂದ್ರಸೂಣು. ಅವತ್ತಿನದರಾಗ ಏನೋ ಉಳದೈತಿ. ಯಾರೋ ಏನೋ ನುಂಗ್ಯಾರ. ಅದು ಹೊರಗ ಬಂತಂದ್ರ ಕೂಸು ನಿನ್ನ ಮಗ್ಗಲಿಗೆ ಬರತೈತಿ."

ಬಾಯಿ ತೆರೆದರೆ ಸಾಕಿತ್ತು. ಓಣಿಯ ತುದಿಯಲ್ಲಿ ಅವ್ವ ಬರುತ್ತಿರುವುದು ಕಂಡಿತು, ತಲೆಯ ಮೇಲೆ ಬುಟ್ಟಿ, ಯಾರೊಂದಿಗೋ ನಗುತ್ತ ಮಾತಾಡುತ್ತ. ಇತ್ತೀಚೆಗೆ ಅವಳು ಹಾಗೆ ದಾರಿಯಲ್ಲಿ ನಿಂತು ನಗುತ್ತಿದ್ದಳು.

"ಏನೂ ಉಳಿದಿಲ್ರಿ," ಅಂದಳು ಫಕೀರಮ್ಮ.

ಚಹಾಕ್ಕೆ ನೀರಿಡಲು ಒಳಗೆ ಹೋದಳು. ಅವ್ವನಿಗಿಲ್ಲ, ಗಂಡನಿಗಿಲ್ಲ, ಹೊರಗೆ ಕಾಯುತ್ತಿರುವ ಈ ಒಳ್ಳೆಯ ಹೆಂಗಸಿಗೂ ಇಲ್ಲ. ಮುಂದೊಂದು ದಿನ ನನ್ನನ್ನು ಯಾಕೆ ಕಳಿಸಿದೆ ಎಂದು ಮಗಳೇ ಕೇಳಿದರೂ ಇಲ್ಲ. ಒಲೆಯ ಮುಂದೆ ನಿಂತು ಒಬ್ಬೊಬ್ಬರನ್ನೇ ನೆನೆಸಿಕೊಂಡು, ಆ ಬಂಡಿಗಳಲ್ಲಿ ಯಾರಿದ್ದರೆಂದು ಯಾರಿಗೂ ಹೇಳುವುದಿಲ್ಲ ಎಂದು ಅವಳು ಗಟ್ಟಿಮಾಡಿಕೊಂಡಳು.